ಪ್ರಳಯಕ್ಕೆ ಟೋಪಿ ಹೊಲಿದ ವಾರಗಿತ್ತಿ

ನಾಳೆ ಬೆಳಗಾಗುವುದರೊಳಗೆ ಈ ಪ್ರಪಂಚ ಮುಗಿದುಹೋಗಿ, ನಾಡಿದ್ದು ಎಲ್ಲೋ ಒಂದು ಕಡೆ ಯಾರೋ ಒಬ್ಬರು ಎದ್ದು ಬೂದಿ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆಯುತ್ತಿದ್ದರೆ ಅದು ನಮ್ಮ ವಾರಗಿತ್ತಿಯೇ ಎಂದು ತಿಳಿಯಿರಿ. ಗುರುತು ಹಿಡಿಯುವುದು ಸುಲಭ. ತಲೆಯ ಮೇಲೆ ಏನಾದರೊಂದು ಇರುತ್ತದೆ.

ವಾರಗಿತ್ತಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ. ಹಿರಿಯೂರಿನಲ್ಲಿ ಮನೆ, ಮನೆಯ ಮುಂದೆ ಭಾವನವರ ಪಂಕ್ಚರ್ ಅಂಗಡಿ. ಅಕ್ಕನ ತಲೆ ಖಾಲಿ ಇದ್ದದ್ದನ್ನು ನಾನು ಇದುವರೆಗೆ ನೋಡಿಲ್ಲ. ಹೊರಗಿನ ಮಾತು ಹೇಳುತ್ತಿದ್ದೇನೆ, ಒಳಗಿನದು ನನಗೆ ಗೊತ್ತಿಲ್ಲ. ಶೇಂಗಾ ಹುರಿಯುವಾಗ ಒದ್ದೆ ಟವೆಲ್ಲು, ಮೆಣಸಿನಕಾಯಿ ಕುಟ್ಟುವಾಗ ಕಣ್ಣಿನ ಜಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹೊಲಿದ ಹಿಟ್ಟಿನ ಚೀಲ, ಬಿಸಿಲಿಗೆ ಬಟ್ಟೆ ಹರವುವಾಗ ಹಿಡಿ ಕಿತ್ತ ಛತ್ರಿ. ಸೀರೆಯ ಮೇಲೆ ಭಾವನವರ ಹಳೇ ಖಾಕಿ ಅಂಗಿ, ಅದಕ್ಕೆ ಅಕ್ಕನೇ ಹೊಲಿದುಕೊಂಡ ಹನ್ನೊಂದು ಜೇಬು. ಒಂದು ಜೇಬಿನಲ್ಲಿ ಅರಿಶಿನವಿದ್ದರೆ ಇನ್ನೊಂದರಲ್ಲಿ ಸ್ಪ್ಯಾನರ್ ಇರುತ್ತದೆ.

ಹೊಳಲ್ಕೆರೆಯಲ್ಲಿ ನಮ್ಮ ಮನೆಯ ಗೃಹಪ್ರವೇಶಕ್ಕೆ ಬಂದಾಗ ಅಡುಗೆಯವರ ಜೊತೆ ಕೂತು ಈರುಳ್ಳಿ ಹೆಚ್ಚಿದಳು. ಹೆಲ್ಮೆಟ್ ಹಾಕಿಕೊಂಡು, ಗಾಜು ಇಳಿಸಿಕೊಂಡು. ಸುತ್ತ ಕೂತಿದ್ದ ಹೆಂಗಸರೆಲ್ಲ ಧಾರಾಕಾರವಾಗಿ ಅಳುತ್ತಿದ್ದರೆ ಇವಳೊಬ್ಬಳು ಒಳಗೇ ಏನೋ ಹಾಡು ಗುನುಗುತ್ತಿದ್ದಳು. ನಮ್ಮ ಬೀದಿಯ ಹಿರಿಯರೊಬ್ಬರು ಬಗ್ಗಿ ನೋಡಿ, "ಗಾಡಿ ಎಲ್ಲಿ ನಿಲ್ಸೀಯಮ್ಮ?" ಎಂದು ಕೇಳಿದರು.

"ಗಾಡಿ ಇಲ್ಲ ಯಜಮಾನ್ರೆ, ಈರುಳ್ಳಿ ಐತೆ" ಎಂದಳು ಅಕ್ಕ.

ಆವತ್ತು ನಾನು ಒಂದು ತಿಂಗಳು ಕೂತು ಕನ್ನಡಿ ಕೆಲಸ ಮಾಡಿದ ಬ್ಲೌಸು ತೊಟ್ಟಿದ್ದೆ. ಯಾರಾದರೂ ನೋಡಿದರೇ? ಬಂದ ನೆಂಟರೆಲ್ಲ ಹೆಲ್ಮೆಟ್ಟಿನ ಜೊತೆ ಫೋಟೋ ತೆಗೆಸಿಕೊಂಡು, ಹೋಳಿಗೆ ಉಂಡು ಹೋದರು.

ಈಗ ನನ್ನ ವಿಷಯ. ನಾನು ಹೊಲಿಗೆ ಕಲಿತವಳು. ಸರ್ಟಿಫಿಕೇಟ್ ಇದೆ, ಅಂಗಡಿಯ ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಹೊಸದುರ್ಗದಿಂದ ಮದುವೆ ಹೆಣ್ಣುಗಳು ಬ್ಲೌಸಿನ ಬಟ್ಟೆ ಹಿಡಿದುಕೊಂಡು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅಕ್ಕನಿಗೆ ನೆಟ್ಟಗೆ ಒಂದು ಗೇಣು ಹೊಲಿಗೆ ಹಾಕಲು ಬರುವುದಿಲ್ಲ. ಅವಳ ಆಯುಧ ಗೋಣಿಚೀಲ ಹೊಲಿಯುವ ದಬ್ಬಣ. ಟೇಪು ಹಿಡಿಯುವುದಿಲ್ಲ, ಎದುರಿಗೆ ನಿಲ್ಲಿಸಿಕೊಂಡು ಒಂದು ಸಲ ನೋಡುತ್ತಾಳೆ, ಅಷ್ಟೇ ಅಳತೆ. ಇಂಥವಳ ಮೇಲೆ ನನಗೆ ಹೊಟ್ಟೆಕಿಚ್ಚು ಎಂದರೆ ನೀವು ನಂಬುತ್ತೀರಾ? ನಾನೂ ಬಹಳ ದಿನ ನಂಬಿರಲಿಲ್ಲ. ನನ್ನ ಮಗಳ ಆಟ ಶುರುವಾದ ಮೇಲೆ ನಂಬದೆ ವಿಧಿಯಿರಲಿಲ್ಲ.

ಮಗಳು ದುರ್ಗದಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ಕಾಲೇಜು ಓದುತ್ತಾಳೆ. ಅವಳೂ ಅವಳ ಗೆಳತಿಯರೂ ಸೇರಿ ಏಳು ಜನ ಒಂದು ಆಟ ಆಡುತ್ತಾರೆ. ಪ್ರಪಂಚ ಮುಗಿದುಹೋಗಿರುತ್ತದೆ. ಕರೆಂಟಿಲ್ಲ, ಬಸ್ಸಿಲ್ಲ, ನೀರಿಲ್ಲ, ಬರೀ ದೂಳು. ಅಲ್ಲಲ್ಲಿ ಕೆಲವರು ಬದುಕುಳಿದಿರುತ್ತಾರೆ. ಸಿರಿಗೆರೆ ಕಡೆಯ ಒಬ್ಬ ಹುಡುಗಿ ಕತೆ ನಡೆಸುತ್ತಾಳೆ, ಉಳಿದ ಆರು ಜನ ಒಂದೊಂದು ಪಾತ್ರವಾಗುತ್ತಾರೆ. ಒಬ್ಬಳು ವೈದ್ಯೆ, ಒಬ್ಬಳು ಕಾವಲಿನವಳು, ಒಬ್ಬಳು ಊರಿಂದೂರಿಗೆ ಸುದ್ದಿ ಒಯ್ಯುವವಳು, ಹೀಗೆ. ನನ್ನ ಮಗಳು ಬಾವಿ ಹುಡುಕುವವಳು. ಏನಾದರೂ ಮಾಡಬೇಕೆಂದರೆ ದಾಳ ಹಾಕಬೇಕು. ದಾಳ ಕೈಹಿಡಿದರೆ ಬದುಕು, ಇಲ್ಲದಿದ್ದರೆ ಇಲ್ಲ.

"ಒಂದ್ ಭಾನುವಾರ ಫ್ಯಾನಿನ ಗುಡ್ಡದ ಹತ್ರ ವೇಷ ಹಾಕ್ಕೊಂಡೇ ಆಡಾಣ ಅಂದ್ಕಂಡೀವಮ್ಮ. ಬಟ್ಟೆ ಬೇಕು, ತಲೆಗೂ ಏನಾದ್ರು ಬೇಕು" ಎಂದಳು ಮಗಳು. ಫ್ಯಾನಿನ ಗುಡ್ಡ ಎಂದರೆ ದುರ್ಗದ ಹೊರಗೆ ಗಾಳಿಯಂತ್ರಗಳು ನಿಂತಿರುವ ಗುಡ್ಡ.

ನನ್ನ ಎದೆ ಅರಳಿತು. ಮಗಳು ನನ್ನ ಹೊಲಿಗೆ ಬೇಕೆಂದು ಕೇಳಿದ್ದು ಯಾವ ಕಾಲದಲ್ಲೋ. ಅಂಗಡಿಗೆ ಒಂದು ವಾರ ರಜಾ ಬೋರ್ಡು ಹಾಕಿ ಆರು ಜಾಕೀಟು ಹೊಲಿದೆ. ಒಳಗೆ ಲೈನಿಂಗ್, ಕಾಲರಿಗೆ ಪೈಪಿಂಗ್, ಜೇಬಿಗೆ ಮುಚ್ಚಳ. ಆರಕ್ಕೂ ಹೊಂದುವ ಆರು ಟೋಪಿ. ಇಸ್ತ್ರಿ ಮಾಡಿ ಮೇಜಿನ ಮೇಲೆ ಜೋಡಿಸಿಟ್ಟೆ.

ಮಗಳು ಒಂದನ್ನು ಎತ್ತಿ ನೋಡಿದಳು. "ಚೆನ್ನಾಗವೆ ಅಮ್ಮ" ಎಂದಳು. ಹಾಗೆಂದರೆ ಚೆನ್ನಾಗಿಲ್ಲ ಎಂದು ಅರ್ಥ ಮಾಡಿಕೊಳ್ಳಲು ಇಪ್ಪತ್ತು ವರ್ಷ ಅವಳ ತಾಯಿಯಾಗಿರಬೇಕಾಗಿಲ್ಲ.

"ಯಾಕೆ, ಏನಾಗೈತೆ?"

"ಅಮ್ಮ, ಊರೆಲ್ಲ ಸುಟ್ಟೋಗಿರ್ತೈತೆ. ಇವ್ರು ಬ್ಯಾಂಕಿಗೆ ಇಂಟರ್‌ವ್ಯೂಗೆ ಹೊಂಟಂಗವ್ರೆ."

ಹರಿಯಬೇಕಂತೆ, ಮಾಸಬೇಕಂತೆ. ಆಗಲಿ ಎಂದು ಕತ್ತರಿ ತೆಗೆದುಕೊಂಡು ಕಣ್ಣು ಮುಚ್ಚಿ ಅಲ್ಲಲ್ಲಿ ಹರಿದೆ. ಹರಿದದ್ದನ್ನು ಹಾಗೇ ಬಿಡಲು ಮನಸ್ಸು ಬರಬೇಕಲ್ಲ. ಹರಿದ ತೂತುಗಳ ಸುತ್ತ ಅಂಚು ಮಡಚಿ ಹೊಲಿದುಬಿಟ್ಟೆ. ಆರು ಜಾಕೀಟಿಗೂ ಒಂದೇ ಅಳತೆಯ, ಒಂದೇ ಜಾಗದ, ಅಚ್ಚುಕಟ್ಟಾದ ತೂತುಗಳು. ಮಗಳು ನೋಡಿದವಳೇ ವೇಷ ಹಾಕುವ ಗೆಳತಿಯರಿಗೂ ಅಲ್ಲಿಗೇ ಬರಲು ಹೇಳಿ ಹಿರಿಯೂರಿನ ಬಸ್ಸು ಹತ್ತಿದಳು.

ಅಲ್ಲಿ ನಡೆದದ್ದನ್ನು ಮಗಳೇ ಆಮೇಲೆ ಹೇಳಿದಳು. ದೊಡ್ಡಮ್ಮ ಬಟ್ಟೆ ಮುಟ್ಟುವ ಮೊದಲು ಪ್ರಶ್ನೆ ಕೇಳಿದಳಂತೆ. "ನೀರಿಲ್ಲ ಅಂದ್ಯಲ್ಲ, ಎಷ್ಟು ದಿನದಿಂದ ಇಲ್ಲ? ಗಾಳಿ ಯಾವ ಕಡೆಯಿಂದ ಬೀಸ್ತೈತೆ? ಆ ವೈದ್ಯೆ ಔಷಧಿ ಎಲ್ಲಿಟ್ಕಂತಾಳೆ? ಸುದ್ದಿ ತಗಂಡು ಹೋಗೋಳು ನಡೀತಾಳಾ, ಓಡ್ತಾಳಾ?" ಮಕ್ಕಳು ಆಟದಲ್ಲಿ ಇಷ್ಟೆಲ್ಲ ಯೋಚಿಸಿರಲಿಲ್ಲ. ಕತೆ ನಡೆಸುವ ಹುಡುಗಿಗೆ ಫೋನು ಮಾಡಿ ಕೇಳಿ ಬರೆದುಕೊಂಡರಂತೆ.

ನಾಲ್ಕೇ ದಿನಕ್ಕೆ ಮನೆಯ ವಾಟ್ಸಾಪ್ ಗುಂಪಿಗೆ ಫೋಟೋ ಬಂದವು. ವೈದ್ಯೆಗೆ ಧರ್ಮಪುರದ ಶೇಂಗಾ ಚೀಲದಲ್ಲಿ ಮಾಡಿದ ಮುಂಡಾಸು, ಅದರ ಪದರ ಪದರದಲ್ಲೂ ಪುಟ್ಟ ಜೇಬು. ಕಾವಲಿನವಳ ಟೋಪಿಯ ಪಕ್ಕಕ್ಕೆ ಲಾರಿಯ ಕನ್ನಡಿ ಚೂರು, ತಿರುಗದೆ ಹಿಂದೆ ನೋಡಬಹುದು. ಸುದ್ದಿಯವಳಿಗೆ ಹಗುರವಾದ ಛತ್ರಿ ಬಟ್ಟೆಯ ಟೋಪಿ, ಕತ್ತಿನ ಮೇಲೆ ಇಳಿಬಿದ್ದ ಪರದೆ. ನನ್ನ ಮಗಳಿಗೆ ಬಿದಿರು ಪುಟ್ಟಿಯ ಟೋಪಿ, ಸುತ್ತ ಗಾಡಿ ಟ್ಯೂಬಿನ ಅಂಚು, ಒಳಗೆ ಒದ್ದೆ ಬಟ್ಟೆ ಇಟ್ಟುಕೊಳ್ಳುವ ಜಾಗ, ಗದ್ದದ ಕೆಳಗೆ ಕಟ್ಟಲು ದಾರ. ಮೈಮೇಲೆ ಗೋಣಿಯ ನಿಲುವಂಗಿಗಳು. ಒಂದು ಬಟ್ಟೆ ಇನ್ನೊಂದರ ಹಾಗಿರಲಿಲ್ಲ. ಒಬ್ಬೊಬ್ಬರೂ ಎಷ್ಟೋ ವರ್ಷ ಆ ದೂಳಿನಲ್ಲೇ ನಡೆದು ಬಂದವರಂತೆ ಕಾಣುತ್ತಿದ್ದರು.

ಬೇರೆಯವರು ಟೋಪಿ ಹಾಕಿದರೆ ಜನ ಪೊಲೀಸರ ಹತ್ತಿರ ಹೋಗುತ್ತಾರೆ. ಅಕ್ಕ ಹಾಕಿದರೆ ಫೋಟೋ ಸ್ಟೇಟಸ್ಸಿಗೆ ಇಟ್ಟುಕೊಳ್ಳುತ್ತಾರೆ. ನಾನು ಒಂದು ಹೆಬ್ಬೆಟ್ಟು ಒತ್ತಿದೆ. ಐದು ನಿಮಿಷ ಬಿಟ್ಟು ಅಳಿಸಿದೆ. ನನ್ನ ಗಂಡ ಊಟಕ್ಕೆ ಕೂತವರು, "ಅತ್ತಿಗೆ ಕೈಯಾಗೆ ಏನೋ ಐತೆ ಕಣೇ" ಎಂದರು. ಅವರಿಗೆ ಎರಡನೇ ಸಲ ಸಾರು ಬಡಿಸಲಿಲ್ಲ.

ಸುಮ್ಮನಿರಲಾಗಲಿಲ್ಲ. ಆಟಕ್ಕೆ ಐದು ದಿನ ಇರುವಾಗ ಹಿರಿಯೂರಿಗೆ ಹೋದೆ. ಅಕ್ಕ ಟೋಪಿ ಹಾಕಿಕೊಂಡೇ ಬಾಗಿಲು ತೆಗೆದಳು. "ಬಾರಮ್ಮ, ಕುಂತ್ಕ. ನೀನು ನೋಡ್ಲಿ ಅಂತ್ಲೇ ಕಾಯ್ತಿದ್ದೆ. ನೀನು ಕಲ್ತೋಳು" ಎಂದು ಎಲ್ಲವನ್ನೂ ನನ್ನ ಮುಂದೆ ಹರವಿದಳು. ನಾನು ತಪ್ಪು ಹುಡುಕಿದೆ. ಕಷ್ಟವಾಗಲಿಲ್ಲ. ಹೊಲಿಗೆ ಸೊಟ್ಟ, ಅಂಚು ಎಳೆ ಎಳೆ, ಒಂದು ತೋಳು ಉದ್ದ.

"ಅಂಚೆಲ್ಲ ಬಿಚ್ಕಂತಾವಕ್ಕ. ಕೊಡ್ರಿ, ಓವರ್‌ಲಾಕ್ ಮಾಡ್ಕೊಡ್ತೀನಿ" ಎಂದೆ.

"ನಿನ್ ಕೈ ಬಿದ್ರೆ ಇನ್ನೂ ಗಟ್ಟಿ ಆಗ್ತವೆ" ಎಂದು ಅಕ್ಕ ಸಂತೋಷದಿಂದ ಎಲ್ಲವನ್ನೂ ಮೂಟೆ ಕಟ್ಟಿ, ಬಸ್ಸಿನವರೆಗೂ ತಾನೇ ಹೊತ್ತು ತಂದಳು. ಎಲ್ಲಿ ಹೊತ್ತಳು ಎಂದು ಬೇರೆ ಹೇಳಬೇಕೇ?

ಅಂಚು ಮಾತ್ರ ಹೊಲಿಯಬೇಕೆಂದೇ ನಾನು ಹೊರಟದ್ದು. ಆದರೆ ಹೊಲಿಯುವಾಗ ಕೈಗೆ ಮಸಿ ಹತ್ತಿತು. ಮಸಿ ಹತ್ತಿದ ಮೇಲೆ ಒಗೆಯಬಾರದೇ? ಒಗೆದ ಮೇಲೆ ಇಸ್ತ್ರಿ ಮಾಡದೆ ಇಡಲಾದೀತೇ? ಅಕ್ಕ ಮೂರು ದಿನ ಬೂದಿ, ಕೆಮ್ಮಣ್ಣು, ಗ್ರೀಸು ಹಚ್ಚಿ ತಂದ ಬಣ್ಣವೆಲ್ಲ ಸೋಪಿನ ನೀರಿನಲ್ಲಿ ಹೋಯಿತು. ಗೋಣಿ ನಿಲುವಂಗಿಗಳು ಮೊಣಕಾಲಿನ ಮೇಲಕ್ಕೆ ಮುದುರಿದವು. ಮಗಳ ಟೋಪಿಯ ಅಂಚು ನೇರ ಮಾಡುವುದಕ್ಕೆಂದು ಇಸ್ತ್ರಿಪೆಟ್ಟಿಗೆ ಇಟ್ಟೆ. ಟ್ಯೂಬು ಅದಕ್ಕೆ ಅಂಟಿಕೊಂಡು ಹೊಗೆಯೆದ್ದಿತು. ವಾಸನೆಗೆ ಬೀದಿಯವರೆಲ್ಲ ಹೊರಗೆ ಬಂದರು.

ಬೇಕೆಂದೇ ಮಾಡಿದೆಯಾ ಎಂದು ನನ್ನ ಗಂಡ ಕೇಳಿದರು. ಇಲ್ಲ ಎಂದು ಜೋರಾಗಿ ಹೇಳಿದೆ. ಅಷ್ಟು ಜೋರು ಬೇಕಿರಲಿಲ್ಲ.

ಶುಕ್ರವಾರ ಸಂಜೆ ಮಗಳು ಬಂದು ನೋಡಿದಳು. ಕಿರುಚಿದ್ದರೆ ನಾನೂ ನಾಲ್ಕು ಬೈದು ಪಾರಾಗುತ್ತಿದ್ದೆ. ಅವಳು ಕರಗಿದ ಟೋಪಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಆಮೇಲೆ ದೊಡ್ಡಮ್ಮನಿಗೆ ಫೋನು ಮಾಡಲು ಹಿತ್ತಿಲಿಗೆ ಹೋದಳು. ನನ್ನೆದುರು ಮಾಡಲಿಲ್ಲ.

ಶನಿವಾರ ಮೊದಲ ಬಸ್ಸಿಗೇ ಅಕ್ಕ ಬಂದಿಳಿದಳು. ಅಂಗಡಿಗೆ ಬಂದವಳೇ ಒಂದು ನಿಲುವಂಗಿ ಎತ್ತಿ ಬೆಳಕಿಗೆ ಹಿಡಿದಳು.

"ಇಸ್ತ್ರಿ ಮಾಡ್ದಾ? ಗೋಣಿಚೀಲಕ್ಕೆ?"

"ಹೂಂ."

"ಗೆರೆ ಚೆನ್ನಾಗಿ ಬಂದೈತೆ ನೋಡು" ಎಂದಳು. ಕುಟುಕಿ ಹೇಳಿದ್ದೋ ಎಂದು ಮುಖ ನೋಡಿದೆ. ಅಲ್ಲ. ನಿಜವಾಗಿಯೂ ಗೆರೆಯನ್ನೇ ಮೆಚ್ಚುತ್ತಿದ್ದಳು. ಇಂಥವರ ಜೊತೆ ಜಗಳವಾಡುವುದಾದರೂ ಹೇಗೆ?

ನೆಲದ ಮೇಲೆ ಕೂತು ಮತ್ತೆ ಶುರು ಮಾಡಿದಳು. ಮುದುರಿದ ಗೋಣಿಗೆ ಕೆಳಗೆ ನನ್ನ ಜಾಕೀಟುಗಳನ್ನೇ ಬಿಚ್ಚಿ ತೇಪೆ ಕೊಟ್ಟಳು. ಟೋಪಿಗೆ ಹೊಸ ಟ್ಯೂಬು, ಹೊಸ ದಾರ. ಹಿತ್ತಿಲ ಒಲೆಯ ಬೂದಿ ತರಿಸಿ ಎಲ್ಲದಕ್ಕೂ ಬಳಿದಳು. ನಾನು ದಾರ ಪೋಣಿಸಿಕೊಟ್ಟೆ, ಕಾಫಿ ಕೊಟ್ಟೆ. ಸಂಜೆಯ ಹೊತ್ತಿಗೆ ಆರೂ ಬಟ್ಟೆ ಎದ್ದು ನಿಂತವು. ಮೊದಲಿಗಿಂತ ಚೆನ್ನಾಗಿದ್ದವು ಎನ್ನುವುದು ನನಗೆ ಇನ್ನೂ ಸಂಕಟ ಕೊಟ್ಟಿತು.

ಭಾನುವಾರ ಗುಡ್ಡದ ಬುಡದಲ್ಲಿ ನಾವಿಬ್ಬರೂ ಒಂದು ಬಂಡೆಯ ನೆರಳಿಗೆ ಬುತ್ತಿ ಇಟ್ಟುಕೊಂಡು ಕೂತೆವು. ಮೇಲೆ ಫ್ಯಾನುಗಳು ತಿರುಗುತ್ತಿದ್ದವು. ಮಕ್ಕಳು ಕಲ್ಲುಗಳ ನಡುವೆ ನಡೆದು ಬರುತ್ತಿದ್ದರೆ ದನ ಮೇಯಿಸುತ್ತಿದ್ದವನೊಬ್ಬ ಹತ್ತಿರ ಬಂದು, "ಯಾವ ಊರಿನವ್ರು ತಾಯಿ, ನೀರೇನಾದ್ರು ಬೇಕಾ?" ಎಂದು ಕೇಳಿದ. ಅಕ್ಕನ ಕಡೆ ನಾನು ನೋಡಲಿಲ್ಲ.

ಮಧ್ಯಾಹ್ನದವರೆಗೂ ಆಟ ಚೆನ್ನಾಗಿಯೇ ನಡೆಯಿತು. ನನ್ನ ಮಗಳು ಒಂದು ಬಾವಿ ಹುಡುಕಿದಳು. ಅಷ್ಟರಲ್ಲಿ ದೂಳಿನ ಬಿರುಗಾಳಿ ಎದ್ದಿತು ಎಂದಳು ಕತೆಯ ಹುಡುಗಿ. ಮಗಳು ದಾಳ ಹಾಕಿದಳು. ಒಂದು ಬಿತ್ತು.

"ನಿನ್ನ ಟೋಪಿ ಹಾರಿಹೋಯ್ತು. ದೂಳು ಒಳಗೆ ಹೋಯ್ತು. ನೀನು ಉಳೀಲಿಲ್ಲ" ಎಂದಳು ಹುಡುಗಿ.

ಅಕ್ಕ ಎದ್ದು ನಿಂತಳು. "ಆ ಟೋಪಿ ಹಾರಲ್ಲ ಮಗ. ಗದ್ದದ ಕೆಳಗೆ ಎರಡೆಳೆ ದಾರ ಕೊಟ್ಟೀನಿ."

"ದಾಳ ಹಂಗೆ ಬಿತ್ತು ದೊಡ್ಡಮ್ಮ."

"ಹಂಗಾದ್ರೆ ಇನ್ನೊಂದ್ ಸಲ ಹಾಕ್ರಿ."

ಇನ್ನೊಂದು ಸಲ ಹಾಕುವಂತಿಲ್ಲವಂತೆ, ಆಟದ ನಿಯಮ. ನನ್ನ ಮಗಳು ನಗುತ್ತಲೇ ಬಾವಿಯ ಪಕ್ಕ ಮಲಗಿ ಕಣ್ಣು ಮುಚ್ಚಿದಳು. ಉಳಿದವರು ಅವಳ ಸುತ್ತ ಕಲ್ಲಿಡತೊಡಗಿದರು. ಆಟವೆಂದು ಗೊತ್ತಿದ್ದೂ ನನಗೆ ನೋಡಲಾಗಲಿಲ್ಲ. ಪಕ್ಕಕ್ಕೆ ತಿರುಗಿದರೆ ಅಕ್ಕ ಕೂತಿದ್ದಳು. ಈರುಳ್ಳಿಗೆ ಅಳದವಳು ಅಳುತ್ತಿದ್ದಳು.

"ಅವಸರದಾಗೆ ಹೊಲ್ದೆ ಕಣೇ" ಎಂದಳು. "ನಂಗೇನು ಹೊಲಿಗೆ ಬರ್ತೈತೆ? ಆ ದಾರ ನೀನು ಹಾಕಿದ್ರೆ ಮಗು ಉಳೀತಿತ್ತು."

ಅವಸರ ಯಾರಿಂದ ಆಯಿತು ಎಂದು ಅವಳು ಹೇಳಲಿಲ್ಲ. ಅದು ಅವಳಿಗೆ ಹೊಳೆದೇ ಇರಲಿಲ್ಲ. ಇಷ್ಟು ದಿನ ಅವಳ ಒಂದೊಂದು ಸೊಟ್ಟ ಹೊಲಿಗೆಯನ್ನೂ ಎಣಿಸಿಟ್ಟುಕೊಂಡಿದ್ದ ನಾನು ಅವಳ ಹತ್ತಿರಕ್ಕೆ ಸರಿದು ಕೂತೆ.

"ದಾರ ಗಟ್ಟಿ ಐತಕ್ಕ" ಎಂದೆ. "ನಿನ್ನೆ ನೀವು ಊಟಕ್ಕೆ ಎದ್ದಾಗ ನಾನು ಎಳೆದು ನೋಡಿದ್ದೆ. ಎರಡೂ ಕೈಯಾಗೆ ಹಿಡ್ಕಂಡು, ಟೋಪಿನ ಕಾಲಾಗೆ ತುಳ್ಕಂಡು ಎಳ್ದೆ. ಬರ್ಲಿಲ್ಲ."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ನೋಡಿದಳು.

"ಯಾಕೆ ಎಳ್ದೆ?"

"ಹೊಟ್ಟೆಕಿಚ್ಚಿಗೆ."

ಅವಳು ತಲೆಯ ಮೇಲಿದ್ದದ್ದನ್ನು ಸರಿಮಾಡಿಕೊಂಡಳು.

"ಎಷ್ಟು ಜೋರಾಗಿ ಎಳ್ದೆ?"

"ಎಷ್ಟು ಹೊಟ್ಟೆಕಿಚ್ಚಿತ್ತೋ ಅಷ್ಟೂ ಹಾಕಿ ಎಳ್ದೆ ಅಕ್ಕ."

"ಹಂಗಾದ್ರೆ ಗಟ್ಟಿನೇ ಐತೆ ಬಿಡು" ಎಂದು ಅಕ್ಕ ನನ್ನ ಕೈ ಹಿಡಿದುಕೊಂಡಳು.