ತಮ್ಮನ ಟಾಕಿಯೂ ನನ್ನ ಪಾಲಿನ ತೊಲೆಯೂ

ಬಿರುಕು ಬಿಟ್ಟದ್ದು ಹಗುರಾಗುತ್ತದೆ, ಬಿಡದೆ ನಿಂತದ್ದು ಹೊರುತ್ತದೆ. ಇದು ನನ್ನ ವೈರಾಗ್ಯವಲ್ಲ. ನಿವೃತ್ತ ಎಂಜಿನಿಯರನ ಶಾಸ್ತ್ರ. ತೊಲೆಯೊಂದು ಸೀಳಿದರೆ ಆ ಭಾಗ ಬಿಗಿ ಕಳೆದುಕೊಂಡು ಮೈ ಸಡಿಲಿಸುತ್ತದೆ. ಅದು ಕೈಬಿಟ್ಟ ಒತ್ತಡವನ್ನು ಪಕ್ಕದ ಗಟ್ಟಿ ಭಾಗಗಳು ತುಟಿಪಿಟಕ್ಕೆನ್ನದೆ ಹೊರಬೇಕು. ಜಗತ್ತಿನಲ್ಲಿ ನನಗಾಗಿರುವ ಅನ್ಯಾಯಗಳೆಲ್ಲ ಇದೇ ಜಾತಿಯವು.

ನರಗುಂದದ ನಮ್ಮ ಮನೆಯನ್ನು ನಾನೂ ತಮ್ಮ ಶಿವಾನಂದನೂ ನಡುವೆ ಗೋಡೆ ಹಾಕಿ ಹಂಚಿಕೊಂಡಿದ್ದೇವೆ. ಗೋಡೆ ಸಂಸಾರಗಳನ್ನು ಬೇರ್ಪಡಿಸಿತೇ ಹೊರತು ಮೇಲಿನ ಕಾಂಕ್ರೀಟ್ ತೊಲೆಯನ್ನಲ್ಲ. ಅದು ಅವನ ಪಡಸಾಲೆಯಿಂದ ನನ್ನದಕ್ಕೆ ಅಖಂಡವಾಗಿ ಹಾದಿದೆ. ನಾನು ಬೇಡವೆಂದರೂ ಅವನು ತನ್ನ ಮಾಳಿಗೆಯ ಮೇಲೆ ನೀರಿನ ಟಾಕಿ ಕೂಡಿಸಿದ. ಅವನ ಕಡೆಯ ತೊಲೆ ನಟ್ಟನಡುವೆ ಸೀಳಿತು. ಗಜೇಂದ್ರಗಡದಲ್ಲಿ ನಡೆದ ತನ್ನ ಮಗಳ ಮದುವೆಯಲ್ಲಿ ಅವನು ನನ್ನನ್ನು ಟೆಂಪೋ ಚಾಲಕರ ಪಂಕ್ತಿಯಲ್ಲಿ ಊಟಕ್ಕೆ ಕೂಡಿಸಿದಂದಿನಿಂದ ನಮ್ಮಲ್ಲಿ ಮಾತಿರಲಿಲ್ಲ. ಆದ್ದರಿಂದ ಟಾಕಿ ಇಳಿಸೆಂದು ಹೇಳಲು ಹೆಂಡತಿ ಗಿರಿಜೆಯನ್ನು ಕಳಿಸಿದೆ.

“ಹೆದರಬ್ಯಾಡ್ರಿ ವೈನಿ. ಬಿರುಕು ಬೆಳ್ಯಾಕತ್ತಿಲ್ಲ. ನಿಮ್ಮ ಕಡೆ ಅಂತೂ ಒಂದ್ ಗೆರಿ ಸುದ್ದಾ ಇಲ್ಲ. ಅಣ್ಣಗ ಸುಮ್ಮನ ಹೊಟ್ಟಿಉರಿ” ಎಂದನಂತೆ.

ಬೆಳೆಯುವುದಾದರೂ ಹೇಗೆ, ಅವನ ಒತ್ತಡವನ್ನೆಲ್ಲ ನನ್ನ ಪಾಲಿನ ತೊಲೆ ಹೊತ್ತು ನಿಂತಿರುವಾಗ?

“ಅವನ ಟಾಕಿ ನನ್ನ ನೆತ್ತಿ ಮ್ಯಾಲ ಕುಂತೈತಿ ಅಂತ ಹೇಳಿ ಬಾ” ಎಂದೆ.

“ನೀವ ಹೋಗ್ರಿ” ಎಂದಳು ಗಿರಿಜೆ. “ನಿಮ್ಮಿಬ್ಬರ ನಡುವ ಅಡ್ಡಾಡಿ ನನ್ನ ಮೊಣಕಾಲ ಬಿರುಕು ಬಿಟ್ಟಾವು.”

ಅಷ್ಟರಲ್ಲಿ ನಡುಗೋಡೆಯ ಕಂಬದ ಬಳಿ, ನನ್ನ ಕಡೆಯ ತೊಲೆಯಲ್ಲೂ ಕೂದಲೆಳೆಯಂಥ ಗೆರೆ ಮೂಡಿತು. ಸೂರು ಉಳಿಯಬೇಕೆಂದು ನಾನೇ ಹೋದೆ. “ಬಾ ಅಣ್ಣಾ” ಎಂದ. ಎದ್ದು ನಿಲ್ಲಲಿಲ್ಲ, ಗಮನಿಸಿದ್ದೇನೆ. ಆದರೆ ಗೆರೆಯ ಸುದ್ದಿ ಕೇಳಿ ಬೆಚ್ಚಿಬಿದ್ದ. ಮರುದಿನವೇ ಟಾಕಿ ಇಳಿಯಿತು.

ದುರಸ್ತಿಗೆಂದು ತೊಲೆಗೆ ಆನಿಸಿದ ಕಬ್ಬಿಣದ ಕಂಬಗಳು ಎರಡೂ ಪಡಸಾಲೆಗಳನ್ನು ತುಂಬಿದವು. ಕೂಡಲು ಜಾಗವಿಲ್ಲದೆ ಅಣ್ಣತಮ್ಮಂದಿರು ಹೊರಗಿನ ಕಟ್ಟೆಗೆ ಬಿದ್ದೆವು. ದಿನವೂ ಅಲ್ಲೇ ಪತ್ರಿಕೆ, ಅಲ್ಲೇ ಚಹಾ, ಅಲ್ಲೇ ಜಗಳ. ಪತ್ರಿಕೆಯ ನಡುವಿನ ಹಾಳೆಯನ್ನು ಅವನು ಯಾವಾಗಲೂ ಮೊದಲು ಎಳೆದುಕೊಳ್ಳುತ್ತಾನೆ, ಅದನ್ನೂ ಮರೆತಿಲ್ಲ.

ಒಂದು ಮುಂಜಾನೆ ಗೌಂಡಿ ಬಂದು, “ಸಿಮೆಂಟು ಕಲ್ಲ ಆಗೈತ್ರಿ ಸಾಹೇಬ್ರ. ಕಂಬ ಬಿಚ್ಚಲೇನ್ರಿ?” ಎಂದ.

ಒಳಗೆ ಹೋಗಿ ತೊಲೆಯನ್ನು ಶಾಸ್ತ್ರೋಕ್ತವಾಗಿ ಬಡಿದು ನೋಡಿದೆ. ನಿಜಕ್ಕೂ ಕಲ್ಲಾಗಿತ್ತು. ಹೊರಗೆ ಬಂದು ಗಂಭೀರವಾಗಿ, “ಇನ್ನೂ ಹಸಿ ಐತಿ. ಇರಲಿ ಒಂದಿಷ್ಟು ದಿನ” ಎಂದೆ.

ಜೀವಮಾನದಲ್ಲಿ ನನ್ನ ಶಾಸ್ತ್ರವನ್ನು ಒಪ್ಪದ ಶಿವಾನಂದ ಪತ್ರಿಕೆಯಿಂದ ತಲೆಯೆತ್ತದೆ, “ಅಣ್ಣ ಅಂದ್ರ ಹಸೀನ ಇರತೈತಿ ಬಿಡ” ಎಂದ.