ಗುರುತು ಕಳೆದುಕೊಂಡ ಮೊಟ್ಟೆಗಳು

ಇನ್ನು ಮುಂದೆ ಕುಲಗೋತ್ರ ತಿಳಿಯದ ಒಂದೇ ಒಂದು ಮೊಟ್ಟೆಯೂ ನನ್ನ ಮನೆಯ ಹೊಸ್ತಿಲು ದಾಟಕೂಡದೆಂದು ಶಪಥ ಮಾಡಿದೆ! ಮಾಡದೆ ಏನು? ನಮ್ಮ ಮೊಟ್ಟೆ ಕಂಪನಿಗೆ ಬ್ಲಾಕ್‌ಚೈನ್ ಎಂಬ ಡಿಜಿಟಲ್ ಕಡತ ತರುವ ಭಗೀರಥ ಪ್ರಯತ್ನ ನನ್ನದೇ. ಪ್ರತಿ ಮೊಟ್ಟೆಯ ಮೇಲೊಂದು ಕ್ಯೂಆರ್ ಚೀಟಿ. ಮೊಬೈಲ್ ಹಿಡಿದರೆ ಸಾಕು, ಯಾವ ಫಾರಂ, ಯಾವ ಲಾರಿ, ಯಾವ ಅಂಗಡಿ, ಎಲ್ಲವೂ ಹೊರಬೀಳುತ್ತದೆ. ಒಮ್ಮೆ ದಾಖಲಾದದ್ದನ್ನು ಬ್ರಹ್ಮನೂ ತಿದ್ದಲಾರ!

ಭಾನುವಾರ ನಮ್ಮ ಆಫೀಸಿನ ಮೇಡಂ ಊಟಕ್ಕೆ ಬರುವವರಿದ್ದರು. ತಟ್ಟೆಯಲ್ಲಿರುವ ಮೊಟ್ಟೆಯ ಪೂರ್ವಾಪರವನ್ನು ತೋರಿಸಿ ಮೆಚ್ಚಿಸಿದರೆ ನಾನೇ ಯೋಜನೆಯ ಮುಖ್ಯಸ್ಥ. ಇಲ್ಲದಿದ್ದರೆ ಮತ್ತೆ ಗೋದಾಮಿನ ಧೂಳು.

ಮೊಬೈಲ್ ಹಿಡಿದು ಠೀವಿಯಿಂದ ಅಡುಗೆಮನೆಗೆ ಹೋಗಿ ಒಲೆಯತ್ತ ನೋಡಿದೆ. ಮೊಟ್ಟೆಗಳೆಲ್ಲ ಬೆಂದು, ಸುಲಿಸಿಕೊಂಡು, ಪಾತ್ರೆಯಲ್ಲಿ ಬೆಳ್ಳಗೆ ಕುಳಿತಿವೆ!

"ಚೀಟಿ ಎಲ್ಲೇ?" ಎಂದು ಹೆಂಡತಿಯನ್ನು ಕೇಳಿದೆ.

"ಸಿಪ್ಪೆ ಮೇಲಿತ್ತಲ್ಲ."

"ಸಿಪ್ಪೆ ಎಲ್ಲಿ?"

"ಕಸದ ಬುಟ್ಟೀಲಿ. ಇನ್ನೇನು ಬೀರೂನಲ್ಲಿ ಇಡ್ಲಾ?"

"ಅಯ್ಯೋ! ಯಾವ ಮೊಟ್ಟೆ ಯಾವುದು ಅಂತ ಈಗ ಹೇಗೆ ಹೇಳ್ಲಿ?"

"ಎಲ್ಲಾ ಮೊಟ್ಟೇನೇ ಅಲ್ವೇನ್ರೀ?"

"ಒಂದೊಂದಕ್ಕೂ ಬೇರೆ ಬೇರೆ ದಾಖಲೆ ಕಣೇ!"

"ಹಾಗಾದ್ರೆ ನಿಮ್ಮ ಮೇಡಂಗೆ ಸಿಪ್ಪೆ ಸಮೇತ ತಿನ್ನಿಸ್ತೀನಿ ಅಂತ ಮೊದ್ಲೇ ಹೇಳ್ಬೇಕಿತ್ತು!"

ಮೈಯೆಲ್ಲ ಉರಿದುಹೋಯಿತು. ತಂತ್ರಜ್ಞಾನಕ್ಕೆ ಹೆಂಡತಿಯಷ್ಟು ದೊಡ್ಡ ಶತ್ರು ಇನ್ನೊಬ್ಬರಿಲ್ಲ! ತೋಳು ಮೇಲೇರಿಸಿ ಬುಟ್ಟಿಗೆ ಕೈ ಹಾಕಿದೆ. ಈರುಳ್ಳಿ ಸಿಪ್ಪೆ, ನೆನೆದ ಚಹಾಪುಡಿ, ನಿನ್ನೆಯ ಮೀನಿನ ಮುಳ್ಳು, ಎಲ್ಲವನ್ನೂ ದಾಟಿ ಒಂದು ಸಿಪ್ಪೆ ಎತ್ತುವುದು, ಮೊಟ್ಟೆಗೆ ಟೋಪಿಯಂತೆ ತೊಡಿಸಿ ನೋಡುವುದು, ಕೂರದಿದ್ದರೆ ಮುಂದಿನ ಮೊಟ್ಟೆ. ಹಾಳಾದ್ದು, ಒಂದಕ್ಕಾದರೂ ಸರಿಯಾಗಿ ಕೂರಬೇಡವೇ!

"ಥೂ! ಕೈ ನೋಡ್ಕೊಳ್ರೀ!"

"ಸುಮ್ನಿರೇ! ಆಹಾರ ಸುರಕ್ಷತೆ ಅಂದ್ರೆ ನಿನಗೇನು ಗೊತ್ತು?"

ಹಿಂದಿನಿಂದ ಯಾರೋ ಕೆಮ್ಮಿದರು. ಕರೆಗಂಟೆ ಒತ್ತಿ ಒತ್ತಿ ಸಾಕಾದ ಮೇಡಂ, ತೆರೆದಿದ್ದ ಬಾಗಿಲಿನಿಂದ ಒಳಗೇ ಬಂದುಬಿಟ್ಟಿದ್ದರು! ನಾನು ಹಲ್ಲುಕಿರಿದು ಮೊಟ್ಟೆಯೊಂದನ್ನು ಒಂದು ಕೈಯಲ್ಲಿ, ಅದರದ್ದಿರಬಹುದಾದ ಸಿಪ್ಪೆಯ ದಾಖಲೆ ತೆರೆದ ಮೊಬೈಲನ್ನು ಇನ್ನೊಂದರಲ್ಲಿ ಚಾಚಿದೆ.

"ನೋಡಿ ಮೇಡಂ, ಪೂರ್ತಿ ಚರಿತ್ರೆ! ಎಲ್ಲೂ ಮೋಸ ಇಲ್ಲ!"

ಮೇಡಂ ಪರದೆಯನ್ನು ಓದಿದರು. ಆಮೇಲೆ ಚಹಾಪುಡಿ ಮೆತ್ತಿಕೊಂಡ ಮೊಟ್ಟೆಯನ್ನೂ ನನ್ನ ಕೈಯನ್ನೂ ನೋಡಿದರು.

"ನೀವು ನಾಳೆಯಿಂದ ಗೋದಾಮಿಗೇ ಹೋಗಿ. ಯೋಜನೆ ಮಾತ್ರ ಪಾಸು ಕಣ್ರೀ! ಫಾರಂನಲ್ಲಿ ಚೆನ್ನಾಗಿತ್ತು, ಲಾರೀಲಿ ಚೆನ್ನಾಗಿತ್ತು, ಅಂಗಡೀಲೂ ಚೆನ್ನಾಗಿತ್ತು. ಎಲ್ಲಿ ಕೆಡ್ತು ಅಂತ ನೋಡಿದ ತಕ್ಷಣ ಗೊತ್ತಾಯ್ತು!"