ಪುಕ್ಕಟೆ ಚಾರ್ಜು, ಡಿಕ್ಕಿಯಲ್ಲೊಂದು ಸ್ಟೂಲು

"ಓಡಾಟಕ್ಕೆ ಅಂತ ಇನ್ನು ಒಂದು ಪೈಸೆ ಬಿಚ್ಚಿದ್ರೆ ಕೇಳು!" ಎಂದು ಹೊಸ ಎಲೆಕ್ಟ್ರಿಕ್ ಕಾರಿನ ಕೀ ಕುಣಿಸುತ್ತಾ ಹೆಂಡತಿಗೆ ಘೋಷಿಸಿದರು ಕನ್ನಡಕದಂಗಡಿಯ ಯಜಮಾನರು. ಊರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡುವ ಈ ಮಹಾನುಭಾವರಿಗೆ, ತಮ್ಮ ಮನೆ ಮೂರನೇ ಮಹಡಿಯಲ್ಲಿದೆ, ಕಾರು ನೆಲದ ಮೇಲೆ ನಿಲ್ಲುತ್ತದೆ ಎಂಬುದು ಮಾತ್ರ ಕಂಡಿರಲಿಲ್ಲ.

ಅಡುಗೆಮನೆ ಕಿಟಕಿಯಿಂದ ವೈರು ಇಳಿಬಿಟ್ಟರು. ಮೊದಲ ದಿನವೇ ಇಡೀ ಮಹಡಿಯ ಕರೆಂಟು ಹೋಯಿತು. ಎದುರು ಮನೆಯವರು ಬಂದು ಉಗಿದ ಮೇಲೆ ವೈರು ಮೇಲೇರಿತು. ದುಡ್ಡು ಕೊಟ್ಟು ಚಾರ್ಜ್ ಮಾಡಿಸುವ ಜಾಗಗಳೇನೋ ಇದ್ದವು. ಆದರೆ ದುಡ್ಡು ಎಂದ ಕೂಡಲೇ ಯಜಮಾನರಿಗೆ ಕಿವಿ ಮಂದ.

ಕೊನೆಗೆ ಸಿಕ್ಕಿದ್ದು ಹೆದ್ದಾರಿ ಪಕ್ಕದ ಫರ್ನಿಚರ್ ಅಂಗಡಿ. ಏನಾದರೂ ಕೊಂಡವರಿಗೆ ಅಲ್ಲಿ ಚಾರ್ಜಿಂಗ್ ಪುಕ್ಕಟೆ. ಇದ್ದುದರಲ್ಲಿ ಅಗ್ಗದ ಸಾಮಾನು ಸ್ಟೂಲು. ಹೀಗಾಗಿ ಕಾರಿನ ಹೊಟ್ಟೆ ತುಂಬಿದಾಗಲೆಲ್ಲ ಮನೆಗೊಂದು ಸ್ಟೂಲು ಬಂತು. ಟಿವಿ ಮುಂದೆ, ಮಂಚದ ಪಕ್ಕ, ಬಚ್ಚಲಲ್ಲೂ ಸ್ಟೂಲು.

"ಈ ದುಡ್ಡಲ್ಲಿ ವಿಮಾನಕ್ಕೇ ಎಣ್ಣೆ ಹಾಕಿಸಬಹುದಿತ್ತು," ಎಂದರು ಹೆಂಡತಿ.

"ಪೆಟ್ರೋಲು ಹೊಗೆಯಾಗಿ ಹೋಗತ್ತೆ. ಸ್ಟೂಲು ಆಸ್ತಿ ಕಣೇ."

"ಇನ್ನೊಂದು ಆಸ್ತಿ ಒಳಗೆ ಬಂದ್ರೆ ನಾನು ಹೊರಗೆ."

ಅದಾದ ಮೇಲೆ ಕೊಂಡ ಸ್ಟೂಲು ಡಿಕ್ಕಿಯಲ್ಲೇ ಉಳಿಯಿತು.

ಅಷ್ಟರಲ್ಲಿ ಹೆಂಡತಿಗೆ ಪಕ್ಕದೂರಿನ ಶಾಲೆಯಿಂದ ಹೆಡ್‌ಮಿಸ್ ಕೆಲಸದ ಸಂದರ್ಶನಕ್ಕೆ ಕರೆ ಬಂತು. ವರ್ಷಗಟ್ಟಲೆ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ಗಂಟಲು ಹರಿದುಕೊಂಡಿದ್ದ ಆಕೆ ಇದೊಂದು ದಿನಕ್ಕಾಗಿ ಕಾದು ಕೂತಿದ್ದರು.

"ನಾನು ಬಸ್ಸಲ್ಲೇ ಹೋಗ್ತೀನಿ ರೀ."

"ಹೆಡ್‌ಮಿಸ್ ಆಗೋಳು ಬಸ್ಸಲ್ಲಿ ನೇತಾಡ್ಕೊಂಡು ಹೋಗೋದಾ? ನನ್ನ ಮರ್ಯಾದೆ ಏನಾಗ್ಬೇಕು?"

"ಚಾರ್ಜ್ ಇದೆಯಾ?"

"ದಾರೀಲೇ ಅಂಗಡಿ ಇದೆಯಲ್ಲ. ಹೋಗ್ತಾ ತುಂಬಿಸ್ಕೊಳ್ಳೋಣ."

ಹೊರಟರು. ಇದ್ದಷ್ಟು ಚಾರ್ಜ್ ಉಳಿಯಲೆಂದು ಎಸಿ ಬಂದ್. ಕಿಟಕಿ ಇಳಿಸಿದರೆ ಗಾಳಿ ಕಾರನ್ನು ತಡೆಯುತ್ತದಂತೆ, ಅದೂ ಬಂದ್. ಇಸ್ತ್ರಿ ಮಾಡಿದ ಬಟ್ಟೆ ಬೆವರಲ್ಲಿ ಮುದ್ದೆಯಾಯಿತು. ಅಂಗಡಿ ಮುಟ್ಟಿದರೆ ಬಾಗಿಲಿಗೆ ಬೀಗ. ವಾರದ ರಜೆ.

ಹೆಂಡತಿ ಕಾರಿನಿಂದಿಳಿದು, ಬರುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿಬಿಟ್ಟರು.

ವಾಪಸ್ ಕರೆತಂದಾದರೂ ಮರ್ಯಾದೆ ಉಳಿಸಿಕೊಳ್ಳೋಣವೆಂದು ಯಜಮಾನರು ಬಸ್ಸಿನ ಬೆನ್ನು ಹತ್ತಿದರು. ಏರು ಬಂತು, ಕಾರು ನಿಂತಿತು. ಎಳೆದೊಯ್ಯಲು ಕರೆಸಿದ ಡೀಸೆಲ್ ಲಾರಿ ಅವರ ಮುಖಕ್ಕೆ ಹೊಗೆಬಿಟ್ಟು ಕಾರನ್ನು ಹೊತ್ತುಕೊಂಡಿತು. "ಮುಂದೆ ಕೂರೋಕೆ ಜಾಗ ಇಲ್ಲ ಸಾರ್," ಎಂದ ಡ್ರೈವರ್. ಡಿಕ್ಕಿಯ ಸ್ಟೂಲು ಎಲ್ಲಿ ಕಳುವಾದೀತೋ ಎಂದು ಅದನ್ನು ಇಳಿಸಿಕೊಂಡು, ರಸ್ತೆ ಬದಿಯಲ್ಲಿ ಅದರ ಮೇಲೇ ಕೂತರು ಆಸ್ತಿವಂತರು.

ಸಂಜೆ ಊರಿನ ಕಡೆ ಹೋಗುವ ಬಸ್ಸು ಬಂತು. ಕಾಲಿಡಲು ಜಾಗವಿಲ್ಲ. ಸ್ಟೂಲನ್ನು ತಲೆ ಮೇಲೆ ಹೊತ್ತು ನುಗ್ಗಿದರೆ, ಕಿಟಕಿ ಪಕ್ಕದ ಸೀಟಲ್ಲಿ ಹೆಂಡತಿ.

"ಕೆಲಸ?"

"ಸಿಕ್ತು."

ಸಂತೋಷದಲ್ಲಿ ಯಜಮಾನರು ತಲೆ ಮೇಲಿನ ಸ್ಟೂಲು ಇಳಿಸಿದರು. ತಪ್ಪಾಯಿತು ಎನ್ನಬೇಕೆನ್ನುವಷ್ಟರಲ್ಲಿ ಕಂಡಕ್ಟರ್ ಬಂದ.

"ನಿಮಗೊಂದು ಟಿಕೆಟ್. ಸ್ಟೂಲಿಗೆ ಬೇರೆ ಆಗತ್ತೆ."

ಯಜಮಾನರಿಗೆ ಮತ್ತೆ ಕಿವಿ ಮಂದವಾಯಿತು. ಹೊಸ ಹೆಡ್‌ಮಿಸ್ ನಿಧಾನವಾಗಿ ಪರ್ಸು ತೆರೆದರು.

"ಇವರದ್ದು ನಾನು ಕೊಡ್ತೀನಿ," ಎಂದರು. "ಆಸ್ತೀದು ಅವರೇ ಕೊಡಲಿ."